ಸಾಮಾನ್ಯ ಜ್ಞಾನವೂ ಕದ್ರಿಯ ಗುಡ್ಡವೂ

ಸಾಮಾನ್ಯ ಜ್ಞಾನದ ಕೈಪಿಡಿಯನ್ನು ಬಾಯಿಪಾಠ ಮಾಡುವ ಸಹಪಾಠಿಗಳನ್ನು ನಾನು ದಿನವೂ ಕಾಣುತ್ತೇನೆ. ಸಾಂಚಿ ಎಲ್ಲಿದೆಯೆಂದರೆ ಥಟ್ಟನೆ ಉತ್ತರಿಸುವರು. ಇದೇ ಮಂಗಳೂರಿನ ಕದ್ರಿಯ ಲೋಕೇಶ್ವರನ ವಿಷಯ ಕೇಳಿದರೆ ಮೌನ. ಮಂಜುನಾಥ ದೇವಾಲಯದಲ್ಲಿರುವ ಆ ಕಂಚಿನ ವಿಗ್ರಹವನ್ನು ಕ್ರಿ. ಶ. 968ರಲ್ಲಿ ಆಳುಪ ಅರಸ ಕುಂದವರ್ಮನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಪೀಠದ ಸಂಸ್ಕೃತ ಶಾಸನವೇ ಸಾರುತ್ತದೆ. ವಿದ್ವಾಂಸರು ಗುರುತಿಸಿರುವಂತೆ ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ, ಅರಸನಾದರೋ ಶಿವಭಕ್ತ! ನಾಥಪಂಥದ ಜೋಗಿಗಳ ಮಠವೂ ಅದೇ ಗುಡ್ಡದಲ್ಲಿದೆ. ಒಂದು ಮತದ ಪಕ್ಕದಲ್ಲಿ ಇನ್ನೊಂದು ಹೇಗೆ ಬಾಳಿತು, ಹೇಗೆ ಮರೆಯಾಯಿತು ಎಂಬ ಪ್ರಶ್ನೆಗೆ ಕೈಪಿಡಿಯ ನಾಲ್ಕು ಉತ್ತರಗಳಲ್ಲಿ ಯಾವುದಕ್ಕೆ ಗುರುತು ಹಾಕೋಣ? ಬೋಳೂರಿನ ಸುಲ್ತಾನ್ ಬತ್ತೇರಿಗೂ ಇದೇ ಪಾಡು; ಅಲ್ಲಿಗೆ ಹೋಗುವವರು ಹೊಳೆಯ ಗಾಳಿಗಾಗಿ ಹೋಗುತ್ತಾರೆ. ಇತಿಹಾಸದ ಒಂದು ತರಗತಿಯನ್ನಾದರೂ ವರ್ಷಕ್ಕೊಮ್ಮೆ ಕದ್ರಿಯಲ್ಲೇ ನಡೆಸಬೇಕೆಂದು ಅಧ್ಯಾಪಕ ಮಹನೀಯರಲ್ಲಿ ನನ್ನ ವಿನಂತಿ.