ಸೆಲ್ಬೋರ್ನ್ ಚರ್ಚಿನ ಅಂಗಳದ ಎರಡು ಸಮಾಧಿಗಳು



ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರು ಅಲ್ಲಿನ ಹಳ್ಳಿಗಳನ್ನು ನೋಡಿ ಬಂದಾಗ ಸಾಮಾನ್ಯವಾಗಿ ಒಂದೇ ಮಾತನ್ನು ಬರೆಯುತ್ತಾರೆ: "ಮೇಷ್ಟ್ರೇ, ಸ್ವರ್ಗವೆಂದರೆ ಇದೇ." ಜೊತೆಗೆ ಹಳೆಯ ಕಲ್ಲಿನ ಚರ್ಚು, ಹಸಿರು ಹುಲ್ಲು, ಪಾಚಿ ಹಿಡಿದ ಸಮಾಧಿಗಳ ಚಿತ್ರ. ಅಲ್ಲಿನ ಚೆಲುವನ್ನು ನಾನು ಒಪ್ಪುತ್ತೇನೆ. ಅರ್ಧವನ್ನು ನೋಡಿ ಪೂರ್ಣವೆಂದು ತಿಳಿಯುವುದನ್ನು ಮಾತ್ರ ಒಪ್ಪಲಾರೆ.

ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಹಳ್ಳಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಸೇಂಟ್ ಮೇರಿ ಚರ್ಚು 12ನೆಯ ಶತಮಾನದ ಕೊನೆಯ ಭಾಗದ್ದು. ಗಿಲ್ಬರ್ಟ್ ವೈಟ್ (1720–1793) ಹುಟ್ಟಿದ್ದೂ ಕಣ್ಣು ಮುಚ್ಚಿದ್ದೂ ಈ ಊರಿನಲ್ಲಿಯೇ. ಚರ್ಚಿನ ಪಾದ್ರಿಯನ್ನು ನೇಮಿಸುವ ಹಕ್ಕು ಆಗ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನದಾಗಿತ್ತು. ವೈಟ್ ಓರಿಯಲ್ ಕಾಲೇಜಿನವರು. ಹೀಗಾಗಿ ಅವರು ಹುಟ್ಟೂರಿನಲ್ಲಿ ಸಹಾಯಕ ಪಾದ್ರಿಯಾಗಿಯೇ ಉಳಿದರು. 1789ರಲ್ಲಿ ಪ್ರಕಟವಾದ 'ಸೆಲ್ಬೋರ್ನಿನ ನಿಸರ್ಗ ಚರಿತ್ರೆ'ಯಲ್ಲಿ ಅವರು ಒಂದೇ ಬಗೆಯಾಗಿ ಕಾಣುವ ಮೂರು ಪುಟ್ಟ ಹಕ್ಕಿಗಳನ್ನು ಕೂಗಿನಿಂದಲೇ ಬೇರೆಬೇರೆಯೆಂದು ಗುರುತಿಸಿದರು; ಎರೆಹುಳುವಿಲ್ಲದೆ ಮಣ್ಣಿಗೆ ಸತ್ತ್ವವಿಲ್ಲವೆಂದು ಡಾರ್ವಿನ್ನನಿಗೂ ಮೊದಲೇ ಬರೆದರು. ಅಂಗಳದಲ್ಲಿ ಅವರ ಸಮಾಧಿಯ ಮೇಲಿರುವುದು ಹೆಸರಿನ ಎರಡು ಮೊದಲಕ್ಷರಗಳು ಮತ್ತು ಮರಣದ ದಿನಾಂಕ, ಅಷ್ಟೇ. ಇಂಥವರನ್ನು ಗೌರವಿಸದೆ ಇರಲಾದೀತೇ?

ಆದರೆ ವೈಟರ ಪುಸ್ತಕವನ್ನು ಹಕ್ಕಿಗಳ ಪುಸ್ತಕವೆಂದಷ್ಟೇ ಓದುವವರು ಅವರಿಗೂ ಅನ್ಯಾಯ ಮಾಡುತ್ತಾರೆ. ತಮ್ಮ ಊರಿನಲ್ಲಿ ಬಡವರು ಬಹಳವಿದ್ದಾರೆಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಜೊಂಡನ್ನು ಕೊಬ್ಬಿನಲ್ಲಿ ಅದ್ದಿ ಮಾಡುವ ದೀಪದ ಲೆಕ್ಕವನ್ನೂ ಕೊಟ್ಟರು: ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ, ಖರ್ಚಿನಲ್ಲಿ ಐದೂವರೆ ಗಂಟೆಯ ಬೆಳಕು. ಕಡುಬಡವರು ಇದನ್ನು ಬಿಟ್ಟು ದಿನವೂ ಅರ್ಧ ಪೆನ್ನಿಯ ಬತ್ತಿ ಕೊಂಡು ಎರಡು ಗಂಟೆಯ ಬೆಳಕಷ್ಟೇ ಪಡೆಯುತ್ತಾರೆಂದೂ, ಮಿತವ್ಯಯವನ್ನು ಅರಿಯರೆಂದೂ ಆಕ್ಷೇಪಿಸಿದರು. ಇಲ್ಲಿ ನಾನು ವೈಟರನ್ನು ಒಪ್ಪುವುದಿಲ್ಲ. ಒಟ್ಟಿಗೆ ಕೊಳ್ಳಲು ಕೈಯಲ್ಲಿ ಹಣವಿಲ್ಲದವನು ಚಿಲ್ಲರೆಯಾಗಿ ಕೊಂಡು ಹೆಚ್ಚು ತೆರುತ್ತಾನೆ. ಅದಕ್ಕೆ ಕಾರಣ ಅಜ್ಞಾನವಲ್ಲ, ಬಡತನ.

ವೈಟ್ ತೀರಿಕೊಂಡ 37 ವರ್ಷಗಳ ಬಳಿಕ, 1830ರ ನವೆಂಬರಿನಲ್ಲಿ, ಆ ಬಡತನ ಬೀದಿಗಿಳಿಯಿತು. ಒಕ್ಕಣೆ ಯಂತ್ರಗಳು ಬಂದು ದಕ್ಷಿಣ ಇಂಗ್ಲೆಂಡಿನ ಕೂಲಿಕಾರರ ಚಳಿಗಾಲದ ಕೆಲಸ ಹೋಗಿತ್ತು. ಕೂಲಿ ಹೆಚ್ಚಿಸಿರೆಂದರೆ ರೈತರು, ಚರ್ಚಿಗೆ ಫಸಲಿನ ದಶಮಾಂಶ ತೆತ್ತ ಮೇಲೆ ನಮಗೇನು ಉಳಿದೀತು ಎನ್ನುತ್ತಿದ್ದರು. ಸೆಲ್ಬೋರ್ನಿನ ಜನ ಪಾದ್ರಿಯ ಬಳಿಗೆ ಹೋಗಿ ದಶಮಾಂಶವನ್ನು ತಗ್ಗಿಸಬೇಕೆಂದು ಒತ್ತಾಯಿಸಿದರು; ಬಡವರನ್ನಿಡುತ್ತಿದ್ದ ವರ್ಕ್‌ಹೌಸಿಗೆ ನುಗ್ಗಿ ಹಾನಿ ಮಾಡಿದರು; ಬಳಿಕ ಹೆಡ್ಲಿ ಎಂಬ ಊರಿಗೂ ನಡೆದರು. ಹಲವರಿಗೆ ಆಸ್ಟ್ರೇಲಿಯಕ್ಕೆ ಗಡೀಪಾರಿನ ಶಿಕ್ಷೆಯಾಯಿತು. ಅಂದು ಕಹಳೆಯೂದಿ ಜನರನ್ನು ಕರೆದವರೆಂದು ಊರವರು ನೆನೆಯುವ ಜಾನ್ ನ್ಯೂಲ್ಯಾಂಡ್ ಅವರ ಸಮಾಧಿಯೂ ಇದೇ ಅಂಗಳದಲ್ಲಿದೆ, ಪ್ರಸಿದ್ಧವಾದ ಯೂ ಮರವಿದ್ದ ಎಡೆಯ ಬಳಿ. ವೈಟ್ ಅಳೆದಾಗ 23 ಅಡಿ ಸುತ್ತಳತೆಯಿದ್ದ ಆ ಮರ 1990ರ ಜನವರಿಯ ಬಿರುಗಾಳಿಗೆ ಉರುಳಿತು.

ದಂಗೆಯೆದ್ದವರನ್ನು ಏಕೆ ಹೊಗಳುತ್ತೀರಿ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆಸ್ತಿ ನಾಶವನ್ನು ನಾನು ಹೊಗಳುತ್ತಿಲ್ಲ. ಆದರೆ ಅಂದಿನ ಲೆಕ್ಕವನ್ನೂ ನೋಡಿ: ದೇಶದುದ್ದಕ್ಕೂ ನಡೆದ ಆ ಗಲಭೆಗಳಲ್ಲಿ ಕೂಲಿಕಾರರು ಒಂದು ಜೀವವನ್ನೂ ತೆಗೆಯಲಿಲ್ಲ. ಸರಕಾರವಾದರೋ 19 ಮಂದಿಯನ್ನು ಗಲ್ಲಿಗೇರಿಸಿತು, ಸುಮಾರು 500 ಮಂದಿಯನ್ನು ಕಡಲಾಚೆಗೆ ಅಟ್ಟಿತು. ಶಾಂತವಾದ ಹಳ್ಳಿಯ ಚಿತ್ರ ಉಳಿಯುವುದಕ್ಕೆ ಇಷ್ಟು ಬೆಲೆ ತೆರಬೇಕಾಯಿತು.

ಪ್ರವಾಸಕ್ಕೆ ಹೋದವರಿಗೆ ಚರಿತ್ರೆಯ ಗೊಡವೆ ಏಕೆ ಎನ್ನುವವರೂ ಉಂಟು. 'ನಮ್ಮ ಹಳ್ಳಿ' ಎಂಬ ಪ್ರಬಂಧವನ್ನು ಎಷ್ಟೋ ವರ್ಷ ನಿಮ್ಮಿಂದ ಬರೆಯಿಸಿದವನು ನಾನು. ಅವುಗಳಲ್ಲಿ ಕೆರೆ, ತೋಪು, ಗುಡಿ, ಜಾತ್ರೆ ಇರುತ್ತಿದ್ದವು. ಕೂಲಿಯ ದರವಾಗಲಿ, ಸಾಲವಾಗಲಿ, ಊರು ಬಿಟ್ಟು ಹೋದವರ ಮನೆಗಳಾಗಲಿ ಇರುತ್ತಿದ್ದುದು ಅಪರೂಪ. ಊರನ್ನು ದೂರದಿಂದ ನೆನೆಯುವವರಿಗೆ ಈ ಮರೆವು ಇನ್ನೂ ಸುಲಭ. ಹಸಿವನ್ನು ಬಿಟ್ಟು ಹೇಳಿದ ಚರಿತ್ರೆ, ಇಂದು ಹಸಿದವನ ಮಾತನ್ನೂ ಅಪಸ್ವರವೆಂದೇ ಎಣಿಸುತ್ತದೆ.

ಆದುದರಿಂದ ಅತ್ತ ಕಡೆ ಇರುವವರಲ್ಲಿ ನನ್ನ ವಿನಂತಿ. ಸೆಲ್ಬೋರ್ನಿಗೆ ಹೋದರೆ ವೈಟರ ಸ್ಮರಣೆಗಾಗಿ 1920ರಲ್ಲಿ ಇರಿಸಿದ, ಸಂತ ಫ್ರಾನ್ಸಿಸ್ ಮತ್ತು ಹಕ್ಕಿಗಳ ಬಣ್ಣದ ಗಾಜಿನ ಕಿಟಕಿಯನ್ನು ಅವಶ್ಯವಾಗಿ ನೋಡಿ. ಬಳಿಕ ಹೊರಗೆ ಬಂದು ಕಹಳೆಗಾರರ ಸಮಾಧಿಯ ಮುಂದೆಯೂ ನಿಲ್ಲಿ. ನನಗೆ ಚಿತ್ರ ಕಳುಹಿಸುವುದಾದರೆ ಎರಡು ಸಮಾಧಿಗಳದನ್ನೂ ಕಳುಹಿಸಿ.