ವಿಮಾನದಲ್ಲಿ ವಿಶೇಷ ಊಟ: ಮಹಾನಿರ್ದೇಶಕರಿಗೆ ಮನವಿ ಪತ್ರ

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ನವದೆಹಲಿ.

ಇವರಿಂದ,
ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಪ್ರಯಾಣಿಸುವ, ಪಥ್ಯದ ಊಟ ಅಗತ್ಯವಿರುವ ಪ್ರಯಾಣಿಕರು.

ವಿಷಯ: ಮುಂಗಡವಾಗಿ ಕೋರಿದ ವಿಶೇಷ ಊಟವನ್ನು ತಪ್ಪದೆ ಒದಗಿಸುವಂತೆ ವಿಮಾನಯಾನ ಸಂಸ್ಥೆಗಳಿಗೆ ನಿಯಮ ರೂಪಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಗೋಧಿ ಮುಟ್ಟಬಾರದ ಸೀಲಿಯಾಕ್ ರೋಗಿಗಳಿದ್ದಾರೆ, ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ವರ್ಜಿಸುವ ಜೈನರಿದ್ದಾರೆ. ಟಿಕೆಟ್ ಕೊಳ್ಳುವಾಗಲೇ ವಿಶೇಷ ಊಟ ಕೋರುತ್ತೇವೆ. ಸಾಮಾನ್ಯವಾಗಿ ವಿಧಿಸುವ 24 ಗಂಟೆ ಮುಂಚಿನ ಗಡುವನ್ನೂ ಪಾಲಿಸುತ್ತೇವೆ. ಆದರೂ ವಿಮಾನ ಹಾರಿದ ಮೇಲೆ ‘ನಿಮ್ಮ ಊಟ ಲೋಡ್ ಆಗಿಲ್ಲ’ ಎಂಬ ಉತ್ತರ ಸಿಗುವುದುಂಟು. ಅಲ್ಲಿಂದ ಇಳಿದು ಪಕ್ಕದ ದರ್ಶಿನಿಗೆ ಹೋಗುವಂತಿಲ್ಲ.

ಗೋಧಿರಹಿತ ಊಟದ ವಿಚಾರವನ್ನು ತುಸು ವಿವರವಾಗಿ ಹೇಳಲೇಬೇಕು. ವಿಶೇಷ ಊಟ ಇಲ್ಲವೆಂದಾಗ ಸಿಬ್ಬಂದಿ ಒಳ್ಳೆಯ ಮನಸ್ಸಿನಿಂದಲೇ ಉಪ್ಪಿಟ್ಟು ತಂದುಕೊಡುತ್ತಾರೆ. ಉಪ್ಪಿಟ್ಟಿನ ರವೆ ಗೋಧಿಯದೇ. ಇಡ್ಲಿ ಸಾಂಬಾರ್ ಆದರೂ ನಿಶ್ಚಿಂತೆಯಿಲ್ಲ. ಅಂಗಡಿಯ ಇಂಗಿಗೆ ಬಹುಮಟ್ಟಿಗೆ ಮೈದಾ ಬೆರೆತಿರುತ್ತದೆ. ಅದು ಅಡುಗೆಮನೆಗೆ ಗೊತ್ತಿರಬೇಕೇ ಹೊರತು ಟ್ರೇ ಹಿಡಿದು ನಿಂತ ಪರಿಚಾರಿಕೆಯನ್ನು ಕೇಳಿ ಪ್ರಯೋಜನವಿಲ್ಲ.

ಇನ್ನು ಊಟದ ಸಂಕೇತಗಳ ಗೊಂದಲ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಪಟ್ಟಿಯಲ್ಲಿ ಎವಿಎಂಎಲ್ ಎಂದರೆ ಭಾರತೀಯ ಶೈಲಿಯ ಸಸ್ಯಾಹಾರ, ವಿಜೆಎಂಎಲ್ ಜೈನ ಊಟ, ಡಿಬಿಎಂಎಲ್ ಸಕ್ಕರೆ ಕಾಯಿಲೆಯವರದು. ಎಚ್‌ಎನ್‌ಎಂಎಲ್ ಅಂದರೆ ‘ಹಿಂದೂ ಊಟ’. ಸಸ್ಯಾಹಾರವೆಂದು ನಂಬಿ ಅದನ್ನು ಆರಿಸುವ ಹಿರಿಯರ ಮುಂದೆ ಕೋಳಿ ಅಥವಾ ಕುರಿ ಮಾಂಸ ಬರುತ್ತದೆ, ಏಕೆಂದರೆ ಅದರಲ್ಲಿ ವರ್ಜ್ಯವಾಗಿರುವುದು ಮುಖ್ಯವಾಗಿ ದನದ ಮಾಂಸ. ಟಿಕೆಟ್ ಕೊಳ್ಳುವ ಪುಟದಲ್ಲಿ ಎಷ್ಟೋ ಸಲ ಈ ವಿವರಣೆ ಒಂದು ಸಾಲಿನಷ್ಟೂ ಇರುವುದಿಲ್ಲ.

ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು ಹತ್ತು ಗಂಟೆಯ ಹಾರಾಟ. ಮಕ್ಕಳ ಮನೆಗೆ ಹೊರಟ ವಯಸ್ಸಾದ ತಾಯಿ ಊಟದ ಗಾಡಿ ಕಂಡೊಡನೆ ಇನ್ಸುಲಿನ್ ಚುಚ್ಚಿಕೊಂಡಿರುತ್ತಾರೆ. ಆಮೇಲೆ ತಿನ್ನುವಂಥದ್ದೇನೂ ಬರದಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ‘ಮನೆಯಿಂದಲೇ ಕಟ್ಟಿಕೊಂಡು ಬನ್ನಿ’ ಎಂಬ ಸಲಹೆ ಚಪಾತಿ, ಚಟ್ನಿಪುಡಿಗೆ ಸರಿ. ಮೊಸರನ್ನಕ್ಕೆ ಭದ್ರತಾ ತಪಾಸಣೆಯಲ್ಲಿ ತಕರಾರು ಬರುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು. ಒಪ್ಪಿಕೊಂಡ ವಿಶೇಷ ಊಟ ಟಿಕೆಟ್ಟಿನ ಭಾಗವೆಂದು ಪರಿಗಣಿತವಾಗಬೇಕು. ಅದು ಬೋರ್ಡಿಂಗ್ ಪಾಸಿನಲ್ಲಿ ನಮೂದಾಗಬೇಕು, ಲೋಡ್ ಆಗಿಲ್ಲದಿದ್ದರೆ ವಿಮಾನ ಹತ್ತುವ ಮುನ್ನವೇ ಪ್ರಯಾಣಿಕರಿಗೆ ತಿಳಿಸಬೇಕು. ಒಂದು ಸಂಸ್ಥೆ ಟಿಕೆಟ್ ಮಾರಿ ಇನ್ನೊಂದು ವಿಮಾನ ಹಾರಿಸುವಾಗ, ಅಥವಾ ವಿಮಾನ ಬದಲಾದಾಗ, ಕೋರಿಕೆ ದಾರಿಯಲ್ಲಿ ಕಳೆದುಹೋಗುತ್ತಿದೆ. ಅದನ್ನು ಮುಂದಕ್ಕೆ ದಾಟಿಸುವ ಹೊಣೆ ಟಿಕೆಟ್ ಮಾರಿದವರ ಮೇಲಿರಲಿ. ಪ್ರತಿ ಸಂಕೇತದ ಅರ್ಥ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ದೊರೆಯಬೇಕು. ಪೊಟ್ಟಣದ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳು ಕೇಳುವಂತೆ, ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ ಇತ್ಯಾದಿ ಅಲರ್ಜಿಕಾರಕಗಳ ವಿವರ ವಿಮಾನದ ಪ್ರತಿ ಟ್ರೇಯ ಮೇಲೂ ಇರಬೇಕು.

ವಿಮಾನ ತಡವಾದಾಗ ಊಟ, ಉಪಾಹಾರ ಕೊಡಬೇಕೆಂದು ತಮ್ಮದೇ ನಾಗರಿಕ ವಿಮಾನಯಾನ ಅಗತ್ಯತೆಗಳ 3ನೇ ವಿಭಾಗ, ಎಂ ಸರಣಿಯ 4ನೇ ಭಾಗ ಹೇಳುತ್ತದೆ. ಆದರೆ ಆಗ ಕೊಡುವ ಕೂಪನ್‌ಗೆ ಸಿಗುವುದು ಸ್ಯಾಂಡ್‌ವಿಚ್, ಸಮೋಸಾ. ಪಥ್ಯದವರಿಗೆ ಅವರ ಪಥ್ಯಕ್ಕೆ ತಕ್ಕ ಆಹಾರವನ್ನೇ ಕೊಡಬೇಕೆಂಬ ಒಂದು ವಾಕ್ಯವನ್ನು ಆ ಭಾಗಕ್ಕೆ ಸೇರಿಸಿ, ಒಪ್ಪಿಕೊಂಡ ಊಟ ತಪ್ಪಿದರೆ ನಿಗದಿತ ಪರಿಹಾರವನ್ನೂ ಗೊತ್ತುಪಡಿಸಬೇಕು.

ಈ ಬೇಡಿಕೆಗಳ ಕುರಿತು ವಿಮಾನಯಾನ ಸಂಸ್ಥೆಗಳು, ಊಟ ಪೂರೈಸುವ ಅಡುಗೆಮನೆಗಳು ಹಾಗೂ ಪ್ರಯಾಣಿಕರ ಸಭೆಯೊಂದನ್ನು ಮೂರು ತಿಂಗಳೊಳಗೆ ಕರೆದು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಪ್ರಯಾಣಿಕರು)
ಸ್ಥಳ: ಬೆಂಗಳೂರು