ಹಾಳೆ ತಟ್ಟೆಯ ಹಳ್ಳಿಕಾರ್ ಎತ್ತು

ಸಂಕ್ರಾಂತಿಯ ಸಂಜೆ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಸಿಂಗರಿಸಿದ ರಾಸುಗಳಿಗೆ ಕಿಚ್ಚು ಹಾಯಿಸುವರು. ವರ್ಷವಿಡೀ ದುಡಿದ ಜೀವಕ್ಕೆ ಸಲ್ಲುವ ಮನ್ನಣೆಯದು. ತುಮಕೂರು ನಗರದ ಮನೆಯಲ್ಲಿ ಎತ್ತೆಲ್ಲಿ? ಅಡಿಕೆ ಹಾಳೆಯ ಊಟದ ತಟ್ಟೆಯೊಂದು ಉಳಿದಿದ್ದರೆ ಮಕ್ಕಳೇ ಮಾಡಿಯಾರು.

ತಟ್ಟೆಯನ್ನು ಕೆಲಹೊತ್ತು ನೀರಿನಲ್ಲಿ ನೆನೆಸಿದರೆ ಕತ್ತರಿಗೆ ಬಗ್ಗುತ್ತದೆ. ಕತ್ತರಿ ಮಾತ್ರ ಹಿರಿಯರ ಕೈಯಲ್ಲಿರಲಿ. ಎರಡು ಬದಿಗಳನ್ನು ಕೆಳಗಿಳಿದಂತೆ ಕಿರಿದಾಗಿಸಿದರೆ ಮುಖ. ಉಳಿದ ಚೂರುಗಳೇ ಕೊಂಬು, ಕಿವಿ. ಚೂರುಗಳು ಮುರುಟದಂತೆ ಮಣೆಯಡಿ ಇಟ್ಟು ಒಣಗಿಸಿ, ಸೂಜಿದಾರದಿಂದ ಹೊಲಿಯಬೇಕು.

ಜಾಣ್ಮೆ ಬೇಕಾದದ್ದು ಕೊಂಬಿಗೆ. ಈ ಸೀಮೆಯ ಹಳ್ಳಿಕಾರ್ ಎತ್ತಿನ ಕೊಂಬುಗಳು ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗುತ್ತವೆ. ಪಕ್ಕಕ್ಕೆ ಚಾಚಿದರೆ ಅದು ಬೇರೆಲ್ಲಿಯದೋ ಎತ್ತು! 2000ದಲ್ಲಿ ಹೊರಬಂದ ಹಳ್ಳಿಕಾರ್ ಅಂಚೆಚೀಟಿ ಮನೆಯಲ್ಲಿದ್ದರೆ ಮಾದರಿಗೆ ಸಾಕು. ಮುಖಕ್ಕೆ ಬೂದುಬಣ್ಣ, ಕೊಂಬಿಗೆ ಅರಿಸಿನ. ಹಣೆಗೆ ಕುಂಕುಮವಿಡುವ ಸರದಿ ಮನೆಯ ಕಿರಿಯ ಮಗುವಿನದು.